ಬಾಲ್ಯದ ನೂಲು, ಬದುಕಿಡೀ ಎಳೆತ

ಹೃದಯದಿಂದ ಹೊರಟ ರಕ್ತ ಮೊದಲು ಸೇರುವುದು ಮಹಾಪಧಮನಿಯನ್ನು. ಎದೆಯಲ್ಲಿ ಕೊಕ್ಕೆಯಂತೆ ಬಾಗಿ, ಬೆನ್ನೆಲುಬಿನ ಗುಂಟ ಹೊಟ್ಟೆಗಿಳಿಯುವ ಈ ರಕ್ತನಾಳದ ಅಗಲ ಆರಂಭದಲ್ಲಿ ಸುಮಾರು 3 ಸೆಂಟಿಮೀಟರ್, ಹೊಟ್ಟೆಯಲ್ಲಿ ಸುಮಾರು 2. ಹೃದಯ ಮಿಡಿದಾಗಲೆಲ್ಲ ಅದು ಹಿಗ್ಗಿ ರಕ್ತದ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೃದಯ ಸಡಿಲಗೊಂಡಾಗ ಕುಗ್ಗಿ ಅದನ್ನು ಮುಂದಕ್ಕೆ ತಳ್ಳುತ್ತದೆ. ಎರಡು ಮಿಡಿತಗಳ ನಡುವೆಯೂ ರಕ್ತದ ಹರಿವು ನಿಲ್ಲದಿರುವುದು ಇದರಿಂದಲೇ.

ಹೀಗೆ ಹಿಗ್ಗಿ ಕುಗ್ಗುವ ಗುಣ ಬಂದಿರುವುದು ಎಲಾಸ್ಟಿನ್ ಎಂಬ ಪ್ರೋಟೀನಿನಿಂದ. ಎದೆಭಾಗದ ಗೋಡೆಯ ತೆಳು ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಸುಮಾರು 50 ಎಲಾಸ್ಟಿನ್ ಪದರಗಳು ನಿರಿಗೆ ಹಿಡಿದ ಬಟ್ಟೆಯ ಹಾಗೆ ಒಂದರ ಮೇಲೊಂದು ಕೂತಿರುವುದು ಕಾಣುತ್ತದೆ. ಮುದಿ ಗೋಡೆಯಲ್ಲಿ ನಿರಿಗೆಗಳು ನೆಟ್ಟಗಾಗಿರುತ್ತವೆ, ಎಳೆಗಳು ಅಲ್ಲಲ್ಲಿ ತುಂಡಾಗಿರುತ್ತವೆ, ನಡುವೆ ಕೊಲಾಜೆನ್ ಎಂಬ ಇನ್ನೊಂದು ಬಿರುಸಾದ ಪ್ರೋಟೀನು ತುಂಬಿಕೊಂಡಿರುತ್ತದೆ. ನನ್ನನ್ನು ಬಹಳ ಕಾಡುವ ಸಂಗತಿಯೆಂದರೆ, ದೇಹ ಈ ಎಲಾಸ್ಟಿನ್ ಅನ್ನು ನೇಯುವುದು ಬಹುಪಾಲು ತಾಯಿಯ ಗರ್ಭದಲ್ಲಿ ಮತ್ತು ಎಳೆವಯಸ್ಸಿನಲ್ಲಿ. ಆಮೇಲೆ ಹೊಸದಾಗಿ ಸೇರುವುದು ತೀರಾ ಕಡಿಮೆ. ನಿಮಿಷಕ್ಕೆ 70 ಮಿಡಿತವೆಂದು ಹಿಡಿದರೂ 60 ವರ್ಷಕ್ಕೆ ಸುಮಾರು 220 ಕೋಟಿ ಸಲ ಎಳೆಸಿಕೊಂಡ ನೂಲು ಅದು.

ಆದ್ದರಿಂದ ದೊಡ್ಡವರಲ್ಲಿ ಹತ್ತು ವರ್ಷಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್‌ನಷ್ಟು ಮಹಾಪಧಮನಿ ಅಗಲವಾಗುವುದು ರೋಗವಲ್ಲ. ಅದು ಉದ್ದವೂ ಆಗುತ್ತದೆ. ಗಂಡಸರಲ್ಲಿ, ಎತ್ತರದ ಮೈಕಟ್ಟಿನವರಲ್ಲಿ ಮೊದಲಿನಿಂದಲೇ ತುಸು ದೊಡ್ಡದು.

ಚಿಂತೆ ಶುರುವಾಗುವುದು ಈ ಸವೆತಕ್ಕೆ ಬೇರೆ ಹೊರೆಗಳು ಸೇರಿದಾಗ. ಗೋಡೆಯ ಮೇಲಿನ ಎಳೆತ ಒತ್ತಡದೊಂದಿಗೂ ಹೆಚ್ಚುತ್ತದೆ, ಅಗಲದೊಂದಿಗೂ ಹೆಚ್ಚುತ್ತದೆ. ಹಾಗಾಗಿ ಹಿಗ್ಗಿದ್ದು ಇನ್ನಷ್ಟು ಹಿಗ್ಗಲು ತಾನೇ ದಾರಿ ಮಾಡಿಕೊಡುತ್ತದೆ. ರಕ್ತದ ಏರೊತ್ತಡ ಇದ್ದರೆ ಆ ದಾರಿ ಇನ್ನೂ ಇಳಿಜಾರು. ಹೊಟ್ಟೆಯ ಭಾಗಕ್ಕೆ ದೊಡ್ಡ ಶತ್ರು ಧೂಮಪಾನ. ಅಲ್ಲಿ ಪದರಗಳೇ ಸುಮಾರು 30. ಹೊಗೆ ಕೆರಳಿಸಿದ ಉರಿಯೂತದಲ್ಲಿ ಎಲಾಸ್ಟಿನ್ ಕತ್ತರಿಸುವ ಕಿಣ್ವಗಳು ಹೆಚ್ಚುತ್ತವೆ. ಅಚ್ಚರಿಯೆಂದರೆ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೊಟ್ಟೆಯ ಮಹಾಪಧಮನಿ ಹೀಗೆ ಹಿಗ್ಗಿ ಉಬ್ಬುವುದು ಕಡಿಮೆ. ಸಕ್ಕರೆ ಅಂಟಿ ಕೊಲಾಜೆನ್ ಎಳೆಗಳು ಬಿಗಿಯಾಗುವುದು ಇದಕ್ಕೆ ಒಂದು ಕಾರಣವಿರಬಹುದು. ಇದನ್ನು ವರವೆಂದು ತಿಳಿಯಬಾರದು, ಅದೇ ಕಾಯಿಲೆ ಹೃದಯದ, ಕಾಲಿನ ರಕ್ತನಾಳಗಳನ್ನು ಕೆಡಿಸುತ್ತದೆ.

ಹೊಟ್ಟೆಯಲ್ಲಿ ಅಗಲ 3 ಸೆಂಟಿಮೀಟರ್ ತಲುಪಿದರೆ ವೈದ್ಯರು ಅದನ್ನು ಉಬ್ಬು ಎನ್ನುತ್ತಾರೆ. ಗಂಡಸರಲ್ಲಿ 5.5 ತಲುಪಿದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಮಾತು. ಅಲ್ಲಿಯವರೆಗೂ ನೋವಿನ ಸುಳಿವೇ ಇಲ್ಲದಿರಬಹುದು, ಆದರೆ ಅಲ್ಟ್ರಾಸೌಂಡ್ ಕೆಲವೇ ನಿಮಿಷಗಳಲ್ಲಿ ಅಳತೆ ಕೊಡುತ್ತದೆ. ಪೈಪು ಸೇದುತ್ತಿದ್ದ ಆಲ್ಬರ್ಟ್ ಐನ್‌ಸ್ಟೀನ್‌ಗೆ ಇದ್ದದ್ದು ಇದೇ ಉಬ್ಬು. 1948ರಲ್ಲಿ ಶಸ್ತ್ರವೈದ್ಯರು ಅದಕ್ಕೆ ಸೆಲೊಫೇನ್ ಹಾಳೆ ಸುತ್ತಿದರು. 1955ರ ಏಪ್ರಿಲ್‌ನಲ್ಲಿ ಅದು ಒಡೆಯಿತು. ಮತ್ತೊಂದು ಶಸ್ತ್ರಚಿಕಿತ್ಸೆಯನ್ನು ಅವರು ಬೇಡವೆಂದರು.