ಹೋಂಸ್ಟೇ ರಿಜಿಸ್ಟರ್‌ನಲ್ಲಿರುವ ಫೋನ್ ನಂಬರ್

ಚಿಕ್ಕಮಗಳೂರಿನ ಹೋಂಸ್ಟೇಗಳಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಹಾಕಿಕೊಡುವುದು ನನ್ನ ಕೆಲಸ. ಮೊನ್ನೆ ಮೂಡಿಗೆರೆ ಕಡೆಯ ಕಾಫಿ ತೋಟದ ಮಾಲೀಕರೊಬ್ಬರು ಬಂದಿದ್ದರು. "ಈ ಫೇಸ್‌ಬುಕ್‌ನವರು ಜನರ ಮಾಹಿತಿ ಮಾರ್ಕೊಂಡೇ ದುಡ್ಡು ಮಾಡ್ತಾರಂತೆ, ಹೌದಾ?" ಎಂದು ಕೇಳಿದರು.

"ಅಣ್ಣ, ನೀವು ತೋಟ ಮಾರ್ತೀರಾ, ಫಸಲು ಮಾರ್ತೀರಾ?" ಎಂದೆ.

ಫೇಸ್‌ಬುಕ್‌ನವರದ್ದೂ ಅದೇ ಲೆಕ್ಕ, ಮಾರುವುದು ಫಸಲನ್ನು ಮಾತ್ರ. ಮಾಹಿತಿ ಅವರ ಹತ್ತಿರವೇ ಇರುತ್ತದೆ. ಅದನ್ನು ಇಟ್ಟುಕೊಂಡು ಯಾರಿಗೆ ಯಾವ ಜಾಹೀರಾತು ಕಾಣಬೇಕು ಎಂಬುದನ್ನು ದಿನದಿನವೂ ಮಾರುತ್ತಾರೆ. ನಾನು ಜಾಹೀರಾತು ಹಾಕುವ ಸ್ಕ್ರೀನ್ ತೋರಿಸಿದೆ: ಬೆಂಗಳೂರು, ವಯಸ್ಸು 25ರಿಂದ 40, ಟ್ರೆಕ್ಕಿಂಗ್ ಇಷ್ಟ. ಯಾರ ಹೆಸರೂ ನನಗೆ ಕಾಣುವುದಿಲ್ಲ, ಸುಮಾರು ಎಷ್ಟು ಜನ ಅಂತ ಮಾತ್ರ ಕಾಣುತ್ತದೆ. ನೀವು ಆ್ಯಪ್ ತೆರೆದಾಗ ಜಾಹೀರಾತು ಕಾಣುವ ಜಾಗಕ್ಕೆ ಕ್ಷಣದಲ್ಲೇ ಹರಾಜು ನಡೆಯುತ್ತದೆ. ಜಾಸ್ತಿ ದುಡ್ಡು ಕೂಗಿದವರೇ ಗೆಲ್ಲಬೇಕು ಅಂತೇನಿಲ್ಲ. ನೀವು ಒತ್ತುವ ಸಾಧ್ಯತೆ ಎಷ್ಟು ಎಂಬ ಅಂದಾಜೂ ಲೆಕ್ಕಕ್ಕೆ ಬರುತ್ತದೆ. ಆ ಅಂದಾಜು ಕಟ್ಟುವುದಕ್ಕೇ ನಮ್ಮ ಮಾಹಿತಿ ಬೇಕು.

2024ರಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಗೆ ಬಂದ ಸುಮಾರು 16,400 ಕೋಟಿ ಡಾಲರ್‌ನಲ್ಲಿ 16,000 ಕೋಟಿಗೂ ಜಾಸ್ತಿ ಜಾಹೀರಾತಿನದ್ದೇ. 2021ರಲ್ಲಿ ಐಫೋನ್ ಮಾಡುವ ಆಪಲ್, ಬಳಸುವವರನ್ನು ಬೇರೆ ಕಂಪನಿಗಳ ಆ್ಯಪ್‌ಗಳಲ್ಲೂ ಹಿಂಬಾಲಿಸುವ ಮೊದಲು ಆ್ಯಪ್‌ನವರು ಅವರ ಅನುಮತಿ ಕೇಳಬೇಕು ಎಂದಿತು. ಅದರಿಂದ 2022ರಲ್ಲಿ ಸುಮಾರು 1,000 ಕೋಟಿ ಡಾಲರ್ ಆದಾಯ ಕೈತಪ್ಪಬಹುದು ಎಂದು ಮೆಟಾದವರೇ ಹೇಳಿದ್ದರು. ನಮ್ಮ ಮಾಹಿತಿಗೆ ಬೆಲೆ ಎಷ್ಟು ಅಂತ ಇದಕ್ಕಿಂತ ಚೆನ್ನಾಗಿ ತಿಳಿಸುವುದು ಕಷ್ಟ, ಅಲ್ವಾ?

ಆಮೇಲೆ ಮಾಲೀಕರು ಚೀಲದಿಂದ ಗೆಸ್ಟ್ ರಿಜಿಸ್ಟರ್ ತೆಗೆದರು. ಈ ನಂಬರ್‌ಗಳನ್ನೆಲ್ಲ ಅಪ್‌ಲೋಡ್ ಮಾಡಿದರೆ ಇಂಥದ್ದೇ ಜನ ಸಿಗುತ್ತಾರೆ ಎಂದು ಯಾರೋ ಹೇಳಿದ್ದರಂತೆ. ನಿಜ, ಸಿಗುತ್ತಾರೆ. ನಂಬರ್‌ಗಳು ಸಂಕೇತವಾಗಿ ಬದಲಾಗಿ ಹೋಗುತ್ತವೆ. ಹಾಗಿದ್ದರೂ ಮೆಟಾದವರು ಯಾವ ಖಾತೆಗೆ ಸೇರಿದ್ದು ಎಂದು ಹೊಂದಿಸಿಕೊಳ್ಳುತ್ತಾರೆ.

ನಾನು ಮಾಡಲಿಲ್ಲ. ಕಾಫಿ ಕಲೆಯಿದ್ದ ಆ ಪುಟದಲ್ಲಿ ಒಂದು ನಂಬರ್ ಪಕ್ಕ "ಮಗುವಿಗೆ ಬಿಸಿನೀರು" ಎಂದು ಬರೆದಿತ್ತು. ಆ ತಾಯಿ ನಂಬರ್ ಕೊಟ್ಟಿದ್ದು ರೂಮಿಗೆ. ಕೊಟ್ಟ ಕಾರಣಕ್ಕಷ್ಟೇ ಅದನ್ನು ಬಳಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಇದೇ.

ಮೆಟಾದ ಅಕೌಂಟ್ಸ್ ಸೆಂಟರ್ ಎಂಬ ಸೆಟ್ಟಿಂಗ್ಸ್ ಪುಟದಲ್ಲಿ, ಬೇರೆ ವೆಬ್‌ಸೈಟ್ ಮತ್ತು ಆ್ಯಪ್‌ಗಳು ನಿಮ್ಮ ಬಗ್ಗೆ ಕಳಿಸಿದ್ದರ ಪಟ್ಟಿ ನೋಡಬಹುದು, ಮುಂದೆ ಅದು ನಿಮ್ಮ ಖಾತೆಗೆ ಸೇರದಂತೆಯೂ ಮಾಡಬಹುದು. ಮಾಲೀಕರ ಫೋನಿನಲ್ಲೇ ತೆಗೆದು ತೋರಿಸಿದೆ. ಪಟ್ಟಿ ಕೆಳಗೆ ಸರಿಸುತ್ತಾ ತುಂಬ ಹೊತ್ತು ಸುಮ್ನೆ ಕೂತರು. ಆಮೇಲೆ ಸ್ಕೇಲ್ ಕೇಳಿ, ರಿಜಿಸ್ಟರ್‌ನ ಹೊಸ ಪುಟದಲ್ಲಿ ಇನ್ನೊಂದು ಕಾಲಂ ಎಳೆದರು: "ಆಫರ್ ಇದ್ದರೆ ತಿಳಿಸಬಹುದಾ? ಹೌದು / ಬೇಡ."