ಫಾಲೋ-ಅಪ್ ಮೇಲ್ ಯಾವಾಗ ನಿಲ್ಬೇಕು ಅಂತ ಮೊದ್ಲು ಹೇಳಿ

ಸಿಆರ್‌ಎಂ, ಅಂದ್ರೆ ಗಿರಾಕಿಗಳ ವಿವರ ಇಟ್ಕೊಂಡು ಮೇಲ್ ಕಳಿಸೋ ಸಾಫ್ಟ್‌ವೇರ್, ಮಾಡಿಸ್ಕೊಳ್ಳೋಕೆ ನನ್ ಹತ್ರ ಬರೋರೆಲ್ಲ ಕೇಳೋದು ಒಂದೇ, ಎನ್‌ಕ್ವೈರಿ ಬಂದ ದಿನ ಒಂದು ಮೇಲ್, 3ನೇ ದಿನ ಒಂದು, 7ನೇ ದಿನ ಇನ್ನೊಂದು ತಾನಾಗೇ ಹೋಗ್ಬೇಕು ಸಾರ್ ಅಂತ. ಹೋಗುತ್ತೆ, ಅದೇನ್ ದೊಡ್ಡ ಕೆಲಸ ಅಲ್ಲ. ಆದ್ರೆ ಯಾವಾಗ ನಿಲ್ಬೇಕು ಅಂದ್ರೆ ಯಾರೂ ಬಾಯಿ ಬಿಡಲ್ಲ.

ದಾವಣಗೆರೆ ಪಿ.ಬಿ. ರೋಡಲ್ಲಿ ಅಡಿಕೆ ಸುಲಿಯೋ ಮಷಿನ್ ಮಾರೋ ಯಜಮಾನ್ರೊಬ್ರು ಇದಾರೆ, ತುಂಬಾ ಒಳ್ಳೆ ಮನುಷ್ಯ, ಹೋದಾಗೆಲ್ಲ ಮಂಡಕ್ಕಿ ಮೆಣಸಿನಕಾಯಿ ತರಿಸದೇ ಮಾತೇ ಶುರು ಮಾಡಲ್ಲ. ಅವ್ರಿಗೆ ಭೀಮಸಮುದ್ರದ ರೈತರೊಬ್ರು ಫೋನಲ್ಲೇ ಮಾತಾಡಿ ಅಡ್ವಾನ್ಸ್ ಹಾಕಿದ್ರು. ಮೂರು ದಿನ ಬಿಟ್ಟು ಆ ರೈತರಿಗೆ 7ನೇ ದಿನದ ಮೇಲ್ ಹೋಯ್ತು, "ಇನ್ನೂ ಯೋಚನೆ ಮಾಡ್ತಿದೀರಾ? ಈ ವಾರ ಬುಕ್ ಮಾಡಿದ್ರೆ 5% ಡಿಸ್ಕೌಂಟ್". ರೈತರು ಫೋನ್ ಮಾಡಿ "ಅಲ್ರೀ, ದುಡ್ಡು ಕೊಟ್ಟೋನಿಗೆ ಪೂರ್ತಿ ರೇಟು, ಕೊಡದೇ ಇರೋನಿಗೆ ಡಿಸ್ಕೌಂಟಾ?" ಅಂದ್ರು. ಯಜಮಾನ್ರು ಸಾಫ್ಟ್‌ವೇರ್ ಸರಿಯಿಲ್ಲ ಅಂತ ನನ್ನ ಮೇಲೆ ರೇಗಿದ್ರು. ತೆಗೆದು ನೋಡಿದ್ರೆ ಲೀಡ್, ಅಂದ್ರೆ ಆ ರೈತರ ಎನ್‌ಕ್ವೈರಿ ಎಂಟ್ರಿ, ಅದರ ಸ್ಟೇಟಸ್ ಇನ್ನೂ "ನ್ಯೂ" ಅಂತಾನೇ ಇತ್ತು.

ಫೋನಲ್ಲಿ ಮಾತಾಡಿದ್ದು, ವಾಟ್ಸಾಪಲ್ಲಿ ಒಪ್ಕೊಂಡಿದ್ದು ಯಾರಾದ್ರೂ ಎಂಟ್ರಿ ಮಾಡೋವರೆಗೂ ಸಿಆರ್‌ಎಂಗೆ ಗೊತ್ತಾಗಲ್ಲ. ಗಿರಾಕಿ ಮೇಲ್‌ಗೆ ರಿಪ್ಲೈ ಮಾಡಿದ್ರೂ ಅಷ್ಟೇ, ಆ ರಿಪ್ಲೈ ಬರೋ ಮೇಲ್‌ಬಾಕ್ಸ್ ಸಿಆರ್‌ಎಂಗೆ ಕನೆಕ್ಟ್ ಆಗಿರ್ಬೇಕು, ಇಲ್ಲಾಂದ್ರೆ ರಿಪ್ಲೈ ಬಂದೇ ಇಲ್ಲ ಅಂತ ಮುಂದಿನ ಮೇಲ್ ಕಳಿಸುತ್ತೆ. ಇನ್ನೊಂದು, ಸ್ಟೇಟಸ್ ಚೆಕ್ ಮಾಡೋ ಕಂಡೀಷನ್ನ ಶುರುವಲ್ಲಿ ಒಂದ್ಸಲ ಹಾಕಿ ಬಿಡ್ತಾರೆ, ಅದು ಸಾಲಲ್ಲ, ಮಧ್ಯೆ ನಾಲ್ಕು ದಿನದ ಗ್ಯಾಪಲ್ಲಿ ಏನ್ ಬೇಕಾದ್ರೂ ಆಗಿರ್ಬಹುದು, ಪ್ರತಿ ಮೇಲ್ ಹೋಗೋಕೆ ಮುಂಚೆ ಚೆಕ್ ಆಗ್ಬೇಕು. ಒಂದೊಂದು ಸಾಫ್ಟ್‌ವೇರಲ್ಲಿ ಇದಕ್ಕೆ ಒಂದೊಂದು ಹೆಸರು, ನಿಮ್ಮದ್ರಲ್ಲಿ ಎಲ್ಲಿದೆ ಅಂತ ನೋಡದೇ ಹೇಳೋಕಾಗಲ್ಲ.

ಒಂದು ಮೇಲ್ ಜಾಸ್ತಿ ಹೋದ್ರೆ ಏನಾಗುತ್ತೆ ಬಿಡಿ ಅನ್ಬೇಡಿ. ಸಿಟ್ಟು ಬಂದೋರು ಸ್ಪ್ಯಾಮ್ ಅಂತ ಒತ್ತಿಬಿಡ್ತಾರೆ. 2024ರ ಫೆಬ್ರವರಿಯಿಂದ ಜಿಮೇಲ್ ರೂಲ್ಸಲ್ಲಿ ಸ್ಪ್ಯಾಮ್ ದೂರು 0.3% ಒಳಗಿರ್ಬೇಕು, ಅಂದ್ರೆ ಸಾವಿರ ಮೇಲ್‌ಗೆ ಮೂರು. ದಾಟಿದ್ರೆ ನಿಮ್ಮ ಕೊಟೇಷನ್ನಿಗೆ ಕಾಯ್ತಿರೋ ಗಿರಾಕಿಗೂ ಅದು ಸ್ಪ್ಯಾಮ್ ಫೋಲ್ಡರಿಗೇ ಹೋಗೋ ಸಾಧ್ಯತೆ ಜಾಸ್ತಿ.

ಯಜಮಾನ್ರ ಅಂಗಡೀಲಿ ಈಗ ಸೇಲ್ಸ್ ಹುಡುಗನ ಮೊಬೈಲಿಗೇ ಆ್ಯಪ್ ಹಾಕಿದೀವಿ, ಅಡ್ವಾನ್ಸ್ ಬಂತಾ, ಸ್ಟೇಟಸ್ ಬದಲಾಯಿಸು, ಆಮೇಲೆ ರಸೀದಿ ಬರಿ, ಅಷ್ಟೇ ಅವನ ಕೆಲಸ, ಪಾಪ ಬಿಸಿಲಲ್ಲಿ ಬೈಕಲ್ಲಿ ಸುತ್ತೋ ಹುಡುಗ, ಹತ್ತು ಕಾಲಂ ತುಂಬು ಅಂದ್ರೆ ತುಂಬಲ್ಲ. ನೀವೂ ಆನ್ ಮಾಡೋಕೆ ಮುಂಚೆ ನಿಮ್ಮದೇ ಮೇಲ್ ಐಡಿ ಹಾಕಿ ಒಂದು ಲೀಡ್ ಮಾಡಿ, ದಿನದ ಗ್ಯಾಪ್ ಇರೋ ಕಡೆ ಹತ್ತು ನಿಮಿಷ ಇಡಿ, ಮೊದಲ ಮೇಲ್ ಬಂದ ತಕ್ಷಣ ರಿಪ್ಲೈ ಮಾಡಿ ಕಾಯಿರಿ. ಎರಡನೇದು ಬಂತು ಅಂದ್ರೆ ಗಿರಾಕಿಗಳಿಗೆ ಇನ್ನೂ ಆನ್ ಮಾಡ್ಬೇಡಿ.