ಜೀಪಿನಿಂದ ಜೀಪಿಗೆ ಹೋಗುವ ಮಾತು

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮೈಸೂರಿನ ಕುವೆಂಪುನಗರದ ನಮ್ಮ ಬೀದಿಗೆ ದುಬೈನಿಂದ ಒಂದು ರೇಡಿಯೊ ಬಂದಿತ್ತು. ಎದುರು ಮನೆಯವರ ಅಳಿಯ ತಂದುಕೊಟ್ಟದ್ದು. ಮೀಡಿಯಂ ವೇವ್, ಷಾರ್ಟ್ ವೇವ್, ಎಫ್‌ಎಂ ಗೆರೆಗಳ ಕೆಳಗೆ ಅದರಲ್ಲಿ ‘ಪಿಬಿ’ ಎಂದು ಬರೆದ ಇನ್ನೊಂದು ಗೆರೆಯಿತ್ತು. ಆ ಗೆರೆಯ ಮೇಲೆ ಮುಳ್ಳನ್ನು ಸರಿಸುತ್ತ ಹೋದರೆ ಬಹುಪಾಲು ಬರೀ ಸುಯ್ಯೆನ್ನುವ ಸದ್ದು. ಒಮ್ಮೊಮ್ಮೆ ಮಾತ್ರ ಆ ಸದ್ದು ಥಟ್ಟನೆ ನಿಂತು, ‘ಕಂಟ್ರೋಲ್, ಕಂಟ್ರೋಲ್’ ಎಂಬ ಕೂಗು, ಅದರ ಹಿಂದೆಯೇ ಒಂದು ವೃತ್ತದ ಹೆಸರು, ಒಂದು ಲಾರಿಯ ನಂಬರು, ಕೊನೆಗೆ ‘ಓವರ್’ ಕೇಳಿಬರುತ್ತಿತ್ತು. ಅದು ಪೊಲೀಸರು ತಮ್ಮ ವೈರ್‌ಲೆಸ್ ಸೆಟ್ಟುಗಳಲ್ಲಿ ಆಡುತ್ತಿದ್ದ ಮಾತು. ಅಷ್ಟಾದ ಕೂಡಲೇ ಆ ಮನೆಯ ಹಿರಿಯರು ಎದ್ದು ಬೀದಿ ಕಡೆಯ ಕಿಟಕಿ ಮುಚ್ಚುತ್ತಿದ್ದರು. ಏನೋ ತಪ್ಪು ನಡೆಯುತ್ತಿದೆ ಎಂಬ ಅಳುಕು ಎಲ್ಲರಲ್ಲೂ ಇತ್ತು. ಆ ತಪ್ಪು ಯಾವುದು, ಕೇಳಿದ್ದೋ ಅಥವಾ ಆ ಪೆಟ್ಟಿಗೆಯನ್ನು ಮನೆಯಲ್ಲಿ ಇಟ್ಟುಕೊಂಡದ್ದೋ ಎಂಬುದನ್ನು ಯಾರೂ ಬಲ್ಲವರಾಗಿರಲಿಲ್ಲ.

ಆ ಅಳುಕಿನ ಬೇರು ಹುಡುಕಿದರೆ 1885ರವರೆಗೆ ಹೋಗಬೇಕಾಗುತ್ತದೆ. ಆ ವರ್ಷದ ಭಾರತೀಯ ಟೆಲಿಗ್ರಾಫ್ ಕಾಯ್ದೆಯನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಕಂಬ ಮತ್ತು ತಂತಿ. ಅದರ 25ನೆಯ ಕಲಂ ಪ್ರಕಾರ, ಪರರ ಸಂದೇಶವನ್ನು ತಿಳಿದುಕೊಳ್ಳುವ ಉದ್ದೇಶದಿಂದ ತಂತಿ, ಕಂಬ, ಬ್ಯಾಟರಿ ಅಥವಾ ಯಂತ್ರವನ್ನು ಕೆಡಿಸುವುದು, ಕೀಳುವುದು ಮಾತ್ರವಲ್ಲ, ಸುಮ್ಮನೆ ಮುಟ್ಟುವುದೂ ಮೂರು ವರ್ಷಗಳವರೆಗೆ ಸೆರೆವಾಸ ತರಬಲ್ಲ ಅಪರಾಧವಾಗಿತ್ತು. ಮಾತನ್ನು ಕದಿಯಬೇಕಾದವನು ತಂತಿಗೆ ಕೈ ಹಾಕಲೇಬೇಕು ಎಂಬುದು ಆ ಕಾಲದ ತಿಳಿವಳಿಕೆ. ತಂತಿಯಿಲ್ಲದ ಸಂದೇಶ ಬಂದ ಮೇಲೆ ಕೈ ಹಾಕಲು ಏನೂ ಉಳಿಯಲಿಲ್ಲ. ಮನೆಯೊಳಗೆ ಕುಳಿತವನ ಏರಿಯಲ್‌ಗೆ ತಾನಾಗಿಯೇ ಬಂದು ತಾಗುವ ತರಂಗವನ್ನು ಅವನು ಕದ್ದನೆಂದು ಹೇಳುವುದು ಸುಲಭವಲ್ಲ.

ಈ ತೊಡಕಿಗೆ ಬ್ರಿಟಿಷ್ ಸರ್ಕಾರ ಕಂಡುಕೊಂಡ ದಾರಿ 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ. ಅದು ಕಿವಿಯನ್ನು ಬಿಟ್ಟು ಪೆಟ್ಟಿಗೆಯನ್ನು ಹಿಡಿಯಿತು. ಪರವಾನಗಿಯಿಲ್ಲದೆ ಯಾರೂ ವೈರ್‌ಲೆಸ್ ಉಪಕರಣವನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಅದರ 3ನೆಯ ಕಲಂ ಹೇಳಿತು. ಬರೀ ಕೇಳುವ ಉಪಕರಣವಾದರೆ ಮೊದಲ ಸಲಕ್ಕೆ 100 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 250 ರೂಪಾಯಿವರೆಗೆ ದಂಡ. ಮುಂದೆ ತಿದ್ದುಪಡಿಯಾಗಿ ಸೇರಿದಂತೆ, ಮಾತನಾಡುವ ಉಪಕರಣವಾದರೆ ಮೂರು ವರ್ಷಗಳವರೆಗೆ ಸೆರೆವಾಸ. ನಮ್ಮ ದೇಶದಲ್ಲಿ ‘ಪೊಲೀಸರ ಮಾತು ಕೇಳಬಹುದೇ’ ಎಂಬ ಪ್ರಶ್ನೆ ಬಹುಕಾಲ ಪ್ರಶ್ನೆಯಾಗಿಯೇ ಏಳದಿರಲು ಈ ಏರ್ಪಾಡೇ ಮುಖ್ಯ ಕಾರಣವೆಂದು ನನಗನ್ನಿಸುತ್ತದೆ. ಪೆಟ್ಟಿಗೆಯೇ ಅಕ್ರಮವಾದ ಮೇಲೆ ಅದರಲ್ಲಿ ಏನು ಕೇಳಿಸಿತೆಂಬ ಚರ್ಚೆಗೆ ಯಾರೂ ಇಳಿಯಲಿಲ್ಲ.

ಮೈಸೂರು ಆಗ ಸಂಸ್ಥಾನ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ 30 ವಾಟ್‌ನ ಪ್ರೇಷಕವೊಂದನ್ನು ಇಟ್ಟುಕೊಂಡು ‘ಆಕಾಶವಾಣಿ’ಯನ್ನು ಆರಂಭಿಸಿದ್ದು ಈ ಊರಿನವರೆಲ್ಲ ಹೆಮ್ಮೆಯಿಂದ ಹೇಳುವ ಸಂಗತಿ. ಅದೇ ಊರಿನಲ್ಲಿ ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ ರೇಡಿಯೊ ಇಟ್ಟುಕೊಂಡ ಪ್ರತಿ ಮನೆಯವರೂ ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ, ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಳ್ಳಬೇಕಾಗಿತ್ತು. ನಮ್ಮ ತಂದೆಯ ಟ್ರಂಕಿನಲ್ಲಿ ಪಡಿತರ ಚೀಟಿಯ ಜೊತೆಗೇ ಆ ಪುಸ್ತಕವೂ ಇರುತ್ತಿತ್ತು. ಎಂಬತ್ತರ ದಶಕದ ನಡುವೆ ಆ ಲೈಸೆನ್ಸ್ ಹೋಯಿತು. ಆದರೆ ಹೋದದ್ದು ಪ್ರಸಾರ ಕೇಳುವ ರೇಡಿಯೊದ ಲೈಸೆನ್ಸ್ ಮಾತ್ರ. ಪೊಲೀಸ್, ಅರಣ್ಯ, ವಿಮಾನಗಳ ತರಂಗಾಂತರಗಳನ್ನು ಹಿಡಿಯುವ ಪೆಟ್ಟಿಗೆಗೆ 1933ರ ಕಟ್ಟಳೆ ಹಾಗೆಯೇ ಉಳಿಯಿತು. ನಮ್ಮ ಎದುರು ಮನೆಯ ಕಿಟಕಿ ಮುಚ್ಚಿಕೊಂಡದ್ದು ಈ ಎರಡರ ನಡುವಿನ ಸಂದಿಯಲ್ಲಿ.

ಅಮೆರಿಕದಲ್ಲಿ ಕಥೆ ಬೇರೆಯೇ ಹಾದಿ ಹಿಡಿದಿತ್ತು. 1928ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್ ನಗರದ ಪೊಲೀಸರು ಕಾರುಗಳಿಗೆ ರೇಡಿಯೊ ಸಂದೇಶ ಕಳಿಸುವುದನ್ನು ಕೊನೆಗೂ ಕೈಗೂಡಿಸಿಕೊಂಡರು. ಅದಕ್ಕೂ ಮೊದಲಿನ ಪ್ರಯೋಗಗಳ ಕಾಲದಲ್ಲಿ ಅವರಿಗೆ ಸಿಕ್ಕಿದ್ದು ಮನರಂಜನೆಯ ಕೇಂದ್ರದ ಪರವಾನಗಿಯಾದ್ದರಿಂದ, ಕಳುವಾದ ಕಾರಿನ ನಂಬರು ಹೇಳುವುದರ ನಡುನಡುವೆ ಸಂಗೀತವನ್ನೂ ಹಾಕಬೇಕಾಗಿತ್ತಂತೆ. ಮೊದಮೊದಲು ಮಾತು ಒಮ್ಮುಖ: ಕೇಂದ್ರ ಹೇಳುತ್ತಿತ್ತು, ಕಾರು ಕೇಳುತ್ತಿತ್ತು. 1933ರಲ್ಲಿ ನ್ಯೂಜೆರ್ಸಿಯ ಬಯೋನ್‌ನಲ್ಲಿ ಕಾರು ತಿರುಗಿ ಉತ್ತರ ಕೊಡುವಂತಾಯಿತು. ಕಾರು ಕಾರಿನೊಡನೆಯೇ ನೇರವಾಗಿ ಮಾತನಾಡುವುದು ಮೂರನೆಯ ಹಂತ. ಅದು ನೆಲೆಗೊಂಡದ್ದು ಇವೆರಡರ ನಂತರ. ಆ ಕಾಲದ ಪೊಲೀಸ್ ಪ್ರಸಾರ ಮೀಡಿಯಂ ವೇವ್‌ನ ಮೇಲಂಚಿನಲ್ಲಿ ಇದ್ದುದರಿಂದ ಮಾಮೂಲಿ ಮನೆ ರೇಡಿಯೊಗಳ ಮುಳ್ಳೇ ಅಲ್ಲಿಗೆ ಹೋಗುತ್ತಿತ್ತು. ತಯಾರಕರು ಆ ಜಾಗಕ್ಕೆ ‘ಪೊಲೀಸ್’ ಎಂದೇ ಅಚ್ಚು ಹಾಕುತ್ತಿದ್ದರು. ಜನ ಊಟವಾದ ಮೇಲೆ ನಾಟಕ ಕೇಳುವಂತೆ ಅದನ್ನು ಕೇಳಿದರು. 1934ರ ಸಂಪರ್ಕ ಕಾಯ್ದೆ ಅಲ್ಲಿ ಬೇರೊಂದು ಗೆರೆ ಎಳೆಯಿತು: ಕೇಳಿದ್ದನ್ನು ಇನ್ನೊಬ್ಬರಿಗೆ ಹೊರಗೆಡಹುವುದು, ಅದರಿಂದ ಲಾಭ ಮಾಡಿಕೊಳ್ಳುವುದು ತಪ್ಪು. ಕಾರಿನಲ್ಲಿ ಅಂಥ ರೇಡಿಯೊ ಇಟ್ಟುಕೊಳ್ಳುವುದನ್ನು ಕೆಲವು ರಾಜ್ಯಗಳು ನಿಷೇಧಿಸಿದವು. ಕಾರಣ ಸರಳ, ಮನೆಯಲ್ಲಿ ಕುಳಿತು ಕೇಳುವವನು ಕುತೂಹಲಿ, ಕಾರಿನಲ್ಲಿ ಕೇಳುತ್ತ ಓಡುವವನು ಕಳ್ಳನೂ ಇರಬಹುದು. ನ್ಯೂಯಾರ್ಕಿನಲ್ಲಿ ‘ವೀಜಿ’ ಎಂಬ ಹೆಸರಿನಿಂದ ಪ್ರಸಿದ್ಧನಾದ ಛಾಯಾಗ್ರಾಹಕ ಆರ್ಥರ್ ಫೆಲಿಗ್ 1938ರಲ್ಲಿ ತನ್ನ ಕಾರಿನಲ್ಲಿ ಪೊಲೀಸ್ ರೇಡಿಯೊ ಇಟ್ಟುಕೊಳ್ಳಲು ಅನುಮತಿ ಪಡೆದುಕೊಂಡ, ಹಲವು ಅಪರಾಧ ಸ್ಥಳಗಳಿಗೆ ಬೇಗನೆ ತಲುಪಿ ಚಿತ್ರ ತೆಗೆದ.

ಈಗ ಮೈಸೂರಿಗೆ ಮರಳಿ, ಜೀಪಿನೊಳಗಿನ ಸೆಟ್ಟು ಹೇಗೆ ಕೆಲಸ ಮಾಡುತ್ತದೆಂಬುದನ್ನು ನೋಡಬೇಕು. ಕೈಯಲ್ಲಿ ಹಿಡಿಯುವ ವಾಕಿಟಾಕಿಯ ಶಕ್ತಿ ಸಾಮಾನ್ಯವಾಗಿ 5 ವಾಟ್, ವಾಹನದ ಸೆಟ್ಟಿನದು 25 ವಾಟ್ ಆಸುಪಾಸು. ಈ ಸೆಟ್ಟುಗಳು ಬಳಸುವ, ವಿಎಚ್‌ಎಫ್ ಎಂಬ ಅಧಿಕ ಕಂಪನದ ತರಂಗ ಹೆಚ್ಚುಕಡಿಮೆ ಕಣ್ಣು ಹಾಯುವಷ್ಟೇ ದೂರ ನೇರವಾಗಿ ಸಾಗುತ್ತದೆ. ಕಟ್ಟಡ, ದಿಣ್ಣೆ ಅಡ್ಡ ಬಂದರೆ ಸೊರಗುತ್ತದೆ. ಅದಕ್ಕಾಗಿಯೇ ಎತ್ತರದ ಜಾಗದಲ್ಲಿ ರಿಪೀಟರ್ ಎಂಬ ಯಂತ್ರವನ್ನು ಇಡುತ್ತಾರೆ. ಅದು ಒಂದು ತರಂಗಾಂತರದಲ್ಲಿ ಕೇಳಿದ್ದನ್ನು ಅದೇ ಕ್ಷಣ ಇನ್ನೊಂದರಲ್ಲಿ ಗಟ್ಟಿಯಾಗಿ ಕೂಗಿ ಹೇಳುತ್ತದೆ. ಸುತ್ತ ಬಯಲಾಗಿ ನಡುವೆ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದ ಚಾಮುಂಡಿ ಬೆಟ್ಟ ನಿಂತಿರುವ ಊರಿನಲ್ಲಿ ಇದರ ಪ್ರಯೋಜನವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಟ್ಟದಿಂದ ಬರುವ ಮಾತು ಎಲ್ಲ ಮನೆಗಳ ಮೇಲೂ ಸಮನಾಗಿ ಬೀಳುತ್ತದೆ. ಜೀಪು ಜೀಪಿನೊಡನೆ ರಿಪೀಟರ್ ಬಿಟ್ಟು ನೇರವಾಗಿ ಮಾತನಾಡಿದಾಗ ಹಾಗಲ್ಲ. ಆ ಮಾತು ಸ್ವಲ್ಪ ದೂರದಾಚೆಗೇ ಮಸುಕಾಗಬಹುದು. ಆದ್ದರಿಂದ ಮನೆಯಲ್ಲಿ ಕುಳಿತ ಕೇಳುಗನಿಗೆ ಸಿಗುತ್ತಿದ್ದದ್ದು ಬಹುಪಾಲು ಕಂಟ್ರೋಲ್ ರೂಮಿನ ಬಿಗಿಯಾದ, ಅಳೆದು ತೂಗಿದ ಮಾತು. ಜೀಪಿನಿಂದ ಜೀಪಿಗೆ ಹೋಗುವ ಸಡಿಲ ಮಾತು, ಅಂದರೆ ‘ಆ ಕಡೆ ಬಾ, ಈ ಕಡೆ ನಾನು ನಿಲ್ತೀನಿ’ ಎಂಬಂಥದು, ಹತ್ತಿರದಲ್ಲೇ ವಾಹನ ಇದ್ದಾಗ ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು. ದಸರೆಯ ಜಂಬೂಸವಾರಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗಿನ ದಾರಿಯಲ್ಲಿ ಇಂಥ ಹತ್ತಿರದ ಮಾತೇ ಹೆಚ್ಚು ಉಪಯೋಗಕ್ಕೆ ಬರುವುದು, ಏಕೆಂದರೆ ಲಕ್ಷಾಂತರ ಜನ ಒಂದೆಡೆ ಸೇರಿದಾಗ ಮೊಬೈಲ್ ಜಾಲ ಉಸಿರು ಕಟ್ಟುತ್ತದೆ.

ಸ್ಕ್ಯಾನರ್ ಎಂಬುದು ಮುಳ್ಳು ತಿರುಗಿಸುವ ಈ ಕೆಲಸವನ್ನು ತಾನೇ ಮಾಡುವ ಯಂತ್ರ. ಒಂದಾದ ಮೇಲೊಂದು ಚಾನಲ್ಲಿಗೆ ಹೋಗಿ ಇಣುಕುತ್ತದೆ. ಎಲ್ಲಿ ಮಾತು ಇದೆಯೋ ಅಲ್ಲಿ ನಿಲ್ಲುತ್ತದೆ. ಮಾತು ಮುಗಿದರೆ ಮುಂದಕ್ಕೆ. ಮೊದಲು ಪ್ರತಿ ಚಾನಲ್ಲಿಗೂ ಅದರ ತರಂಗಾಂತರವನ್ನು ಗೊತ್ತುಮಾಡುವ ಒಂದೊಂದು ಕ್ರಿಸ್ಟಲ್ ಕೊಂಡು ಕೂರಿಸಬೇಕಾಗಿತ್ತು, ಎಪ್ಪತ್ತರ ದಶಕದಲ್ಲಿ ಗುಂಡಿ ಒತ್ತಿ ಸಂಖ್ಯೆ ಕೊಡುವ ಮಾದರಿಗಳು ಬಂದವು. ನಮ್ಮ ಕಡೆ ಇವು ಬಹಳ ವಿರಳ. ಲೈಸೆನ್ಸ್ ಪಡೆದ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು, 144ರಿಂದ 146 ಮೆಗಾಹರ್ಟ್ಸ್‌ವರೆಗಿನಂಥ ತಮ್ಮ ತರಂಗ ಪಟ್ಟಿಗಳಲ್ಲೇ ಇರುತ್ತಿದ್ದರು, ಇರಬೇಕು ಕೂಡ. ನಿಜವಾದ ಬದಲಾವಣೆ ಬಂದದ್ದು 2012ರಲ್ಲಿ. ಕಂಪ್ಯೂಟರಿಗೆ ಸಿಕ್ಕಿಸಿ ಟೀವಿ ನೋಡಲು ಮಾಡಿದ್ದ ಹೆಬ್ಬೆರಳು ಗಾತ್ರದ ಅಗ್ಗದ ಸಾಧನವೊಂದನ್ನು ತಂತ್ರಾಂಶದ ಬಲದಿಂದ ಸರಿಸುಮಾರು ಎಲ್ಲ ವಿಎಚ್‌ಎಫ್, ಅದಕ್ಕೂ ಮೇಲಿನ ಯುಎಚ್‌ಎಫ್ ತರಂಗಾಂತರಗಳನ್ನೂ ಹಿಡಿಯುವ ರೇಡಿಯೊ ಆಗಿಸಬಹುದೆಂಬುದು ಹವ್ಯಾಸಿಗಳಿಗೆ ಗೊತ್ತಾಯಿತು. ಪೆಟ್ಟಿಗೆಯನ್ನು ಹಿಡಿಯುವ 1933ರ ಉಪಾಯ ಅಲ್ಲಿಗೆ ಸೋತಿತು. ಇದು ಟೀವಿಯೋ ಸ್ಕ್ಯಾನರೋ ಎಂದು ಪೆಟ್ಟಿಗೆ ನೋಡಿ ಹೇಳುವಂತಿರಲಿಲ್ಲ.

ಸರ್ಕಾರಕ್ಕೆ ಅನುಮಾನ ಏಕೆ ಎಂದು ಕೇಳುವವರು 1991ನ್ನು ನೆನೆಯಬೇಕು. ರಾಜೀವ್ ಗಾಂಧಿಯವರ ಹತ್ಯೆಯ ತನಿಖೆಯಲ್ಲಿ ಎಲ್‌ಟಿಟಿಇಯವರ ವೈರ್‌ಲೆಸ್ ಸಂದೇಶಗಳನ್ನು ಹಿಡಿದದ್ದು ದೊಡ್ಡ ಸುಳಿವಾಯಿತು. ಆ ಆಗಸ್ಟ್‌ನಲ್ಲಿ ಮಂಡ್ಯ ಜಿಲ್ಲೆಯ ಮುತ್ತತ್ತಿಯ ಕಡೆ ಅಡಗಿದ್ದ ಆ ಸಂಘಟನೆಯವರು ಪೊಲೀಸರು ಬಂದಾಗ ಸಯನೈಡ್ ನುಂಗಿದ ಸುದ್ದಿಯನ್ನು ಇಲ್ಲಿನ ಹಿರಿಯರು ಮರೆತಿಲ್ಲ. ಅಲ್ಲಿ ಕದ್ದು ಕೇಳಿದವರು ಪೊಲೀಸರು, ಕಿವಿಗೆ ಬಿದ್ದದ್ದು ಎದುರಾಳಿಗಳ ಮಾತು. ಇದೇ ಆಟವನ್ನು ಅತ್ತಲಿಂದಲೂ ಆಡಬಹುದೆಂಬುದನ್ನು ಕಂಡವರಿಗೆ ಪರವಾನಗಿಯ ಬಿಗಿ ಅತಿಯೆನಿಸಲಾರದು.

ಹಾಗೆಂದು ಗುಟ್ಟು ಸ್ಕ್ಯಾನರಿನಿಂದಲೇ ಸೋರುತ್ತದೆಂಬುದೂ ನಿಜವಲ್ಲ. ಕಾವೇರಿ ಚಳವಳಿ ಕಾವೇರಿದ ದಿನಗಳಲ್ಲಿ ಮಂಡ್ಯದ ಸಂಜಯ ವೃತ್ತದಲ್ಲಿ ನಿಂತವರಿಗೆ ಇದು ಗೊತ್ತು. ಕಾನ್‌ಸ್ಟೆಬಲ್ಲಿನ ಹೆಗಲಿಗೆ ಸಿಕ್ಕಿಸಿದ ಸೆಟ್ಟು ಪೂರ್ತಿ ಗಟ್ಟಿಯಾಗಿ ಅರಚುತ್ತಿರುತ್ತದೆ, ಏಕೆಂದರೆ ಗದ್ದಲದಲ್ಲಿ ಅವರಿಗೂ ಕೇಳಬೇಕಲ್ಲ. ಮದ್ದೂರಿನ ಬಳಿ ರಸ್ತೆ ತಡೆ ತೆರವಾಯಿತೇ, ಬಸ್ಸುಗಳನ್ನು ಯಾವ ಕಡೆ ತಿರುಗಿಸುತ್ತಿದ್ದಾರೆ ಎಂಬುದು ಪಕ್ಕದ ಟೀ ಅಂಗಡಿಯವನಿಗೆ ಮೊದಲು ತಿಳಿಯುತ್ತಿತ್ತು. ಅವನು ಅದನ್ನು ಟೀ ಜೊತೆ ಎಲ್ಲರಿಗೂ ಹಂಚುತ್ತಿದ್ದ. ಒಮ್ಮೆ ನಾನೂ ಆ ಮಾತು ನಂಬಿ ಬಸ್ಸು ಬಿಟ್ಟು, ಮಳವಳ್ಳಿ ದಾರಿ ಹಿಡಿದು ಊರು ಸೇರಿದ್ದೆ.

ಕೇಳುಗರ ಪರವಾಗಿ ವಾದಿಸುವವರು 1995ರ ಸುಪ್ರೀಂ ಕೋರ್ಟ್ ತೀರ್ಪನ್ನು ಮುಂದಿಡುವುದುಂಟು. ಕ್ರಿಕೆಟ್ ಪ್ರಸಾರದ ಆ ಮೊಕದ್ದಮೆಯಲ್ಲಿ ನ್ಯಾಯಾಲಯ ರೇಡಿಯೊ ತರಂಗಗಳು ಸಾರ್ವಜನಿಕ ಸ್ವತ್ತು ಎಂದಿತು. ಆದರೆ ಅವುಗಳ ಬಳಕೆಯನ್ನು ಸಾರ್ವಜನಿಕ ಪ್ರಾಧಿಕಾರವೊಂದು ನಿಯಂತ್ರಿಸಬೇಕೆಂದೂ ಅದೇ ತೀರ್ಪು ಹೇಳಿದ್ದನ್ನು ಇವರು ಬಿಟ್ಟುಬಿಡುತ್ತಾರೆ. ಎದುರು ವಾದಕ್ಕೆ 2017ರ ಖಾಸಗಿತನದ ತೀರ್ಪು ಬಲ ಕೊಟ್ಟಿತು. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಈ ವಾದ ನನಗೆ ಹೆಚ್ಚು ಗಟ್ಟಿಯೆನಿಸುತ್ತದೆ. ಸೆಟ್ಟಿನಲ್ಲಿ ಹೋಗುವುದು ಪೊಲೀಸರ ಗುಟ್ಟಿಗಿಂತ ಹೆಚ್ಚಾಗಿ ಜನರ ಗುಟ್ಟು: ಕಾಣೆಯಾದ ಹುಡುಗಿಯ ಹೆಸರು, ಜಗಳವಾದ ಮನೆಯ ವಿಳಾಸ, ನೇಣು ಹಾಕಿಕೊಂಡವರ ವಿವರ.

ಕೊನೆಗೆ 2023ರ ದೂರಸಂಪರ್ಕ ಕಾಯ್ದೆ 1885 ಮತ್ತು 1933ರ ಎರಡೂ ಕಾಯ್ದೆಗಳ ಜಾಗ ತುಂಬಲೆಂದು ಬಂತು. ಅದರ 42ನೆಯ ಕಲಂ 2024ರ ಜೂನ್ 26ರಿಂದ ಜಾರಿಯಲ್ಲಿದೆ. ಕಾನೂನುಬಾಹಿರವಾಗಿ ಸಂದೇಶವನ್ನು ಹಿಡಿಯುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಇಲ್ಲವೇ ಎರಡು ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ನೂರು ರೂಪಾಯಿಯ ದಂಡ ಎರಡು ಕೋಟಿಗೆ ಏರಿದ್ದು ಬೆಲೆ ಏರಿಕೆಯಿಂದಲ್ಲ. ಕಾನೂನು ಪೆಟ್ಟಿಗೆಯಿಂದ ಕಿವಿಯ ಕಡೆ ತಿರುಗಿದ್ದರಿಂದ. ಅತ್ತ 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಲ್ಲಿ ವಾಕಿಟಾಕಿ ಮಾರಾಟಕ್ಕೆ ಮಾರ್ಗಸೂಚಿ ಹೊರಡಿಸಿತು. ಪರವಾನಗಿ ಬೇಡದ 446 ಮೆಗಾಹರ್ಟ್ಸ್ ಪಟ್ಟಿಯ ಆಟದ ಸೆಟ್ಟುಗಳ ಜೊತೆಗೇ ಬೇರೆ ತರಂಗಾಂತರದವೂ ಬಿಕರಿಯಾಗುತ್ತಿದ್ದುದು ಅದಕ್ಕೆ ಕಾರಣ.

ಇಷ್ಟೆಲ್ಲ ಕಾನೂನು ಆಗುವಷ್ಟರಲ್ಲಿ ಕೇಳಲು ಉಳಿದದ್ದೂ ಕಡಿಮೆಯಾಗಿದೆ. ಡಿಜಿಟಲ್ ಸೆಟ್ಟು ಮಾತನ್ನು ಅಂಕೆಗಳಾಗಿ ಕಳಿಸುತ್ತದೆ, ಬೇಕಾದರೆ ಅದಕ್ಕೆ ಗೂಢಲಿಪಿಯ ಬೀಗವನ್ನೂ ಹಾಕುತ್ತದೆ. ಹಳೆಯ ರೇಡಿಯೊಗೆ ಅದು ಗಿರಣಿಯ ಗರಗರ ಅಷ್ಟೇ. ಹಲವು ದಶಕಗಳಿಂದ ಜನ ಕೇಳಿಕೊಂಡೇ ಬಂದಿದ್ದ ನ್ಯೂಯಾರ್ಕ್ ಪೊಲೀಸರೂ 2023ರಿಂದ ಬೀಗ ಹಾಕತೊಡಗಿದರು, ಪತ್ರಕರ್ತರು ಪ್ರತಿಭಟಿಸಿದರು. ನಮ್ಮಲ್ಲಿ 112ಕ್ಕೆ ಬಂದ ಕರೆ ಗಸ್ತು ವಾಹನದ ಪರದೆಯ ಮೇಲೆ ಅಕ್ಷರವಾಗಿ ಮೂಡುತ್ತದೆ, ಉಳಿದ ಮಾತು ಮೊಬೈಲಿನಲ್ಲಿ ನಡೆಯುತ್ತದೆ.

ಏನು ನಡೆಯಿತೆಂದು ತಿಳಿಯಬೇಕಾದ ನಾಗರಿಕ ಈಗ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ 30 ದಿನ ಕಾಯಬೇಕು. ತನಿಖೆಗೆ ಅಡ್ಡಿಯಾಗುವಂಥದನ್ನು ತಡೆಹಿಡಿಯಲು ಅದರ 8ನೆಯ ಕಲಂನಲ್ಲಿ ಅವಕಾಶವಿದೆ. ಕಂಟ್ರೋಲ್ ರೂಮಿನ ಮೂಲಕ ಹೋದ ಮಾತಾದರೆ ಅಲ್ಲಿ ದಾಖಲೆಯನ್ನು ಹುಡುಕಲಾದರೂ ಆದೀತು. ರಿಪೀಟರ್ ಬಿಟ್ಟು ಜೀಪಿನಿಂದ ಜೀಪಿಗೆ ನೇರವಾಗಿ ಹೋದ ಮಾತು ಆ ದಾಖಲೆಯಲ್ಲಿ ಸೇರುವುದೇ ಇಲ್ಲ. ಅದನ್ನು ಕೇಳಿದವರು ಆ ಎರಡು ಜೀಪುಗಳಲ್ಲಿ ಇದ್ದವರು, ಮತ್ತು ಆ ಹೊತ್ತಿಗೆ ಪಕ್ಕದಲ್ಲಿ ಟೀ ಕುಡಿಯುತ್ತ ನಿಂತಿದ್ದವರು.